ಕೆಡ್ಡಸದಂದು ನಡುಗಿದ ನೆಲ

ಪಾದೆಗುರಿ, ಬೆಳ್ತಂಗಡಿ ತಾಲೂಕು
ಡಿಸೆಂಬರ್ 8, 2024

ಭವಿತ್,

ನೀನು ಸುಳ್ಳು ಬರೆದಿದ್ದೀ. ನಮ್ಮ ಪಾದೆಗುರಿಯ ಮನೆಗಳ ಗೋಡೆ ಬಿರಿದದ್ದು ಅಶೋಕ ಧಣಿಯ ಕಲ್ಲುಕೋರೆಯ ಸಿಡಿಮದ್ದಿನಿಂದ. ಅವನ ಸಂಬಳ ತಿಂದು ನೀನು ಬರೆದ ವರದಿಯಲ್ಲಿ ಅದು ‘ಭೂಕಂಪನದ ಪರಿಣಾಮವೂ ಆಗಿರಬಹುದು’. ಕೆಳಗೆ ನಿನ್ನ ಸಹಿ. ಆ ಸಹಿ ನನಗೆ ಚೆನ್ನಾಗಿ ಗೊತ್ತು. ಮೂಡುಬಿದಿರೆಯ ಕಾಲೇಜಿನಲ್ಲಿ ನಾವಿಬ್ಬರೂ ಸೇರಿ ಹಂಚಿದ ಕರಪತ್ರಗಳ ಅಡಿಯಲ್ಲಿ ನನ್ನ ಹೆಸರಿನ ಪಕ್ಕ ಅದೇ ಇರುತ್ತಿತ್ತು.

ನೀನು ನನ್ನ ನಂಬರನ್ನು ಬ್ಲಾಕ್ ಮಾಡಿದ್ದೀ. ಹಾಗಾಗಿ ಕಾಗದ ಬರೆಯುತ್ತಿದ್ದೇನೆ. ಇದನ್ನು ಹರಿದು ಹಾಕಬಹುದು, ಅಷ್ಟೆ. ಹರಿಯುವ ಮೊದಲು ಓದು.

ಮೊನ್ನೆ ಗ್ರಾಮಸಭೆಯಲ್ಲಿ ಧಣಿ ನಿನ್ನ ವರದಿಯನ್ನು ಓದಿಸಿದ. ಇದು ಭೂಕಂಪದ ಜಾಗ, ಕೋರೆಯ ಕೆಳಗಿನ ಮನೆಗಳನ್ನು ಖಾಲಿ ಮಾಡಿಸುವುದೇ ಜನರಿಗೆ ಕ್ಷೇಮ ಎಂದ. ಅವನ ಕಾಳಜಿ ನೋಡು. ನಾವು ಎದ್ದು ಹೋದ ಮರುದಿನವೇ ಕೋರೆ ನಮ್ಮ ಅಂಗಳಕ್ಕೆ ಇಳಿಯುತ್ತದೆ. ಮಾರ್ಚ್ ತಿಂಗಳಲ್ಲಿ ಬೆಳ್ತಂಗಡಿಯ ತಾಲೂಕು ಕಚೇರಿಯಲ್ಲಿ ಅಹವಾಲು ಸಭೆಯಂತೆ. ಅಲ್ಲಿ ನಿನ್ನ ವರದಿ ಗೆದ್ದರೆ ನಮಗೆ ಊರಿಲ್ಲ.

ನಾನು ಬಿ.ಕಾಂ. ಮಾಡಿದವಳು, ಲಾಯಿಲದ ಜೆರಾಕ್ಸ್ ಅಂಗಡಿಯಲ್ಲಿ ದಿನವಿಡೀ ನಿಲ್ಲುವವಳು, ನಿನ್ನ ಹಾಗೆ ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಅಲ್ಲ. ಆದರೂ ವಿಜ್ಞಾನ ಮೇಳಗಳಲ್ಲಿ ಹಂಚುವ ಕಿರುಪುಸ್ತಕಗಳನ್ನು ಒಂದೂ ಬಿಡದೆ ಓದಿದ್ದೇನೆ. ಭೂಮಿಯ ಹೊರಚಿಪ್ಪು ಒಂದೇ ತುಂಡಲ್ಲ, ಫಲಕಗಳಾಗಿ ಒಡೆದಿದೆ. ನಮ್ಮ ಫಲಕ ಉತ್ತರಕ್ಕೆ ನುಗ್ಗಿ ಏಷ್ಯಾವನ್ನು ಗುದ್ದುತ್ತಿದೆ. ಗುದ್ದುವಲ್ಲಿ ಹಿಮಾಲಯ ಏಳುತ್ತದೆ, ನೇಪಾಳ ಕುಸಿಯುತ್ತದೆ. ನಾವಿರುವುದು ಆ ಅಂಚಿನಲ್ಲಲ್ಲ, ಫಲಕದ ನಡುವೆ. ಇಲ್ಲಿ ಭೂಕಂಪ ಆಗುವುದೇ ಇಲ್ಲ. ಇಷ್ಟು ನನಗೆ ಗೊತ್ತಿದ್ದ ಮೇಲೆ ನಿನಗೆ ಗೊತ್ತಿಲ್ಲವೇ?

ಭೂಮಿ ಹೊಡೆದರೆ ಸಹಿಸಿಕೊಳ್ಳಬಹುದು, ಅದಕ್ಕೆ ನಮ್ಮ ಪರಿಚಯವಿಲ್ಲ. ನೀನು ನಮ್ಮ ಮನೆಯಲ್ಲಿ ಉಂಡವನು.

‘ಪ್ರೀತಿಯ’ ಎಂದು ಬರೆಯಲು ಕೈ ಬಾರದ,
ವಿಸ್ಮಿತಾ


ಮೆಲ್ಕಾರ್
ಡಿಸೆಂಬರ್ 21, 2024

ವಿಸ್ಮಿತಾ,

ಕಾಗದ ಹರಿಯಲಿಲ್ಲ. ಎರಡು ಸಲ ಓದಿದೆ. ಬೈಗುಳದಲ್ಲಿ ನೀನು ಸ್ವಲ್ಪವೂ ತುಕ್ಕು ಹಿಡಿದಿಲ್ಲ ಮಾರಾಯ್ತಿ. ನನ್ನ ಫೋನು ಧಣಿಯ ಆಫೀಸಿನದು, ಅದಕ್ಕೇ ನಿನ್ನ ನಂಬರು ತೆಗೆದೆ. ಕಾಗದವೇ ಒಳ್ಳೆಯದು.

ನಿನ್ನ ಕಿರುಪುಸ್ತಕ ಅರ್ಧ ಸತ್ಯವನ್ನಷ್ಟೇ ಹೇಳಿದೆ. ಫಲಕದ ನಡುವೆ ಭೂಕಂಪ ಆಗುವುದಿಲ್ಲ ಎಂದು ಕಿಲ್ಲಾರಿಯ ಜನರಿಗೆ ಹೇಳಿ ನೋಡು. 1993ರಲ್ಲಿ ಗಣೇಶನ ವಿಸರ್ಜನೆ ಮುಗಿಸಿ ಮಲಗಿದ್ದ ಸಾವಿರಾರು ಜನ ಏಳಲೇ ಇಲ್ಲ. ಅದೂ ಫಲಕದ ನಡುವೆಯೇ. ಉತ್ತರದಲ್ಲಿ ಬಿದ್ದ ಗುದ್ದು ಇಡೀ ಫಲಕದಲ್ಲಿ ಹರಡಿಕೊಂಡಿದೆ. ಎಲ್ಲಿ ಹಳೆಯ ಬಿರುಕು ಉಂಟೋ ಅಲ್ಲಿ ಒಂದು ದಿನ ಬಿಡುತ್ತದೆ. ನಮ್ಮ ಕರಾವಳಿಯೇ ಒಂದು ದೊಡ್ಡ ಗಾಯದ ಅಂಚು. ಮಡಗಾಸ್ಕರ್ ನಮ್ಮಿಂದ ಹರಿದು ಹೋದದ್ದು ಇಲ್ಲಿಂದ. ಹರಿಯುವಾಗ ಒಳಗಿನಿಂದ ಉಕ್ಕಿದ ಬೆಂಕಿ ತಣಿದು ಮಲ್ಪೆಯ ಎದುರಿನ ದ್ವೀಪದಲ್ಲಿ ಕಲ್ಲಿನ ಕಂಬಗಳಾಗಿ ನಿಂತಿದೆ. ನಾವು ಕಾಲೇಜಿನ ಪ್ರವಾಸಕ್ಕೆ ಹೋಗಿ ಅದರ ಮೇಲೆ ಕೂತು ಚರುಮುರಿ ತಿಂದಿದ್ದೆವು.

ಹಾಗಾಗಿ ‘ಆಗಿರಬಹುದು’ ಎಂದು ಬರೆದೆ. ‘ಆಗಿದೆ’ ಎಂದು ಬರೆಯಲಿಲ್ಲ. ಬಿರುಕು ನೋಡಿದರೆ ಮದ್ದಿನದೋ ಭೂಮಿಯದೋ ಎಂದು ಹೇಳಲು ಬರುವುದಿಲ್ಲ. ಅಳೆಯುವ ಯಂತ್ರ ತರಿಸಿ ಎಂದೆ, ಧಣಿ ತರಿಸಲಿಲ್ಲ. ಇದ್ದದ್ದರಲ್ಲಿ ಪ್ರಾಮಾಣಿಕವಾಗಿ ಬರೆದೆ ಎಂದುಕೊಂಡಿದ್ದೇನೆ.

ಅಪ್ಪ ಹೋದ ಮೇಲೆ ಮೂಡುಬಿದಿರೆಯ ಮನೆಯಲ್ಲಿ ದುಡಿಯುವವನು ನಾನೊಬ್ಬನೇ. ಇದನ್ನು ನೆಪವಾಗಿ ಹೇಳುತ್ತಿಲ್ಲ. ನೀನು ಕೇಳದೆ ಬಿಟ್ಟದ್ದರಿಂದ ಹೇಳಿದೆ.

ಇಂತು,
ಭವಿತ್


ಪಾದೆಗುರಿ
ಜನವರಿ 5, 2025

ಭವಿತ್,

ಕಿಲ್ಲಾರಿಯ ವಿಷಯ ಓದಿದೆ. ನಾನು ತಪ್ಪು, ಒಪ್ಪಿದೆ. ಈಗ ನಿನ್ನ ‘ಬಹುದು’ವಿನ ವಿಷಯ.

ನಿನ್ನೆ ಮಧ್ಯಾಹ್ನ ಕೋರೆಯಿಂದ ಸಿಡಿದ ಕಲ್ಲು ನೆರೆಮನೆಯ ದಮಯಂತಿಯಕ್ಕನ ಹಟ್ಟಿಯ ಹಂಚು ಒಡೆದು ಕರುವಿನ ಬೆನ್ನಿಗೆ ಬಿತ್ತು. ತೆಂಗಿನಕಾಯಿಯಷ್ಟು ದೊಡ್ಡ ಕಲ್ಲು. ಕರು ಕೂಡಲೇ ಸಾಯಲಿಲ್ಲ. ಹಿಂದಿನ ಕಾಲು ಎರಡೂ ಸತ್ತು, ಮುಂದಿನ ಕಾಲಲ್ಲಿ ತೆವಳಿ ತಾಯಿಯ ಕೆಚ್ಚಲಿನ ಕಡೆಗೆ ಹೋಗಲು ನೋಡುತ್ತಿತ್ತು. ದಮಯಂತಿಯಕ್ಕ ಅದರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಸಂಜೆಯವರೆಗೂ ಕೂತಿದ್ದರು. ಇದೂ ಭೂಕಂಪದ ಪರಿಣಾಮ ಆಗಿರಬಹುದೇ? ಬರೆದು ಸಹಿ ಹಾಕಿ ಕಳಿಸು.

ಅವರ ಗಂಡ ಹುಕ್ರಪ್ಪಣ್ಣ ನಿನಗೆ ನೆನಪಿರಬೇಕು. ನಮ್ಮ ರಬ್ಬರು ಮರಗಳ ಹಾಲು ತೆಗೆಯುವ ಟ್ಯಾಪಿಂಗಿನವರು, ನೀನು ಬಂದಾಗ ನಿನ್ನ ಕನ್ನಡಕ ಹಾಕಿಕೊಂಡು ಪೇಪರು ಓದಿದವರು. ಅವರಿಗೆ ನಾನು ಭಾರತ ಉತ್ತರಕ್ಕೆ ಚಲಿಸುತ್ತಿರುವುದನ್ನು ವಿವರಿಸಿದ್ದೆ. ಮುದುಕ ಬಹಳ ಹೊತ್ತು ಯೋಚಿಸಿ, “ಹಾಗಾದರೆ ನಾನು ಯಾಕೆ ಬಸ್ಸಿಗೆ ಕಾಯುವುದು ಮಾರಾಯ್ತಿ? ಇಲ್ಲಿಯೇ ಕೂತ್ರೆ ಆಯ್ತಲ್ಲ, ಕಾರ್ಕಳ ಮುಟ್ತೇನೆ” ಎಂದರು. ನಿನ್ನೆ ಅವರು ಏನೂ ತಮಾಷೆ ಮಾಡಲಿಲ್ಲ. ಕರುವನ್ನು ಹೂಳುವ ಗುಂಡಿ ತೋಡಿ, ಹಾರೆಯನ್ನು ಕೋರೆಯ ದಿಕ್ಕಿಗೆ ಎಸೆದರು. ಅದು ಅಂಗಳವನ್ನೂ ದಾಟಲಿಲ್ಲ.

ಊರಿನ ಹುಡುಗರು ಕೋರೆಯಲ್ಲಿ ಕಲ್ಲು ಕೊರೆಯುವ ಕಂಪ್ರೆಸರಿಗೆ ಬೆಂಕಿ ಕೊಡುವ ಎನ್ನುತ್ತಿದ್ದಾರೆ. ನಾನು ಬೇಡ ಎನ್ನಲಿಲ್ಲ. ಭೂಮಿ ಒಳಗೊಳಗೇ ಒತ್ತಡ ಕೂಡಿಡುತ್ತದೆ, ತಡೆಯಲಾಗದ ದಿನ ಬಂಡೆ ಸೀಳುತ್ತದೆ ಎಂದು ನೀನೇ ಕಲಿಸಿದ್ದು. ನಮ್ಮದು ಕೂಡಿಟ್ಟು ಕೂಡಿಟ್ಟು ಸಾಕಾಗಿದೆ.

ಕಾಯುವುದರಲ್ಲಿ ನಂಬಿಕೆ ಕಳಕೊಂಡ,
ವಿಸ್ಮಿತಾ


ಮೆಲ್ಕಾರ್
ಜನವರಿ 18, 2025

ವಿಸ್ಮಿತಾ,

ಕರುವಿನ ವಿಷಯ ನನಗೆ ಯಾರೂ ಹೇಳಿರಲಿಲ್ಲ. ಕಲ್ಲು ಅಷ್ಟು ದೂರ ಹಾರಿದ್ದು ತಪ್ಪು, ಅದರಲ್ಲಿ ‘ಬಹುದು’ ಇಲ್ಲ. ಮದ್ದು ತುಂಬುವವರಿಗೆ ಬೈದು ಬಂದೆ. ಬೈದದ್ದರಿಂದ ನಿಮಗೇನೂ ಆಗಲಿಲ್ಲ ಎಂದು ಗೊತ್ತು.

ಬೆಂಕಿ ಬೇಡ. ಕಂಪ್ರೆಸರು ಸುಟ್ಟರೆ ಹೊಸದು ಬರುತ್ತದೆ, ಹುಡುಗರು ಜೈಲಿನಲ್ಲಿರುತ್ತಾರೆ, ಸಭೆಯ ದಿನ ನಿಮ್ಮ ಕಡೆಯಿಂದ ಮಾತಾಡುವವರು ಇರುವುದಿಲ್ಲ. ನನಗೊಂದು ದಾರಿ ಕಾಣುತ್ತದೆ.

ಬರುವ ತಿಂಗಳು ಕೆಡ್ಡಸ. ಭೂಮಿ ಮುಟ್ಟಾಗಿದ್ದಾಳೆಂದು ಮೂರು ದಿನ ನಮ್ಮಲ್ಲಿ ಯಾರೂ ನೆಲಕ್ಕೆ ಹಾರೆ ಹಾಕುವುದಿಲ್ಲ. ಕೋರೆಯೂ ಮುಚ್ಚುತ್ತದೆ. ಒಡಿಶಾದ ಕೂಲಿಗಳಿಗೂ ರಜೆ. ಎಷ್ಟು ದುಡ್ಡು ಕೊಟ್ಟರೂ ಈ ತುಳುನಾಡಿನಲ್ಲಿ ಕೆಡ್ಡಸಕ್ಕೆ ಮದ್ದಿಡುವವನು ಸಿಗುವುದಿಲ್ಲ. ಹಾಗಾಗಿ ಆ ಮೂರು ದಿನ ನಮಗೆ ಸಿಗುವ ಶುದ್ಧ ಪರೀಕ್ಷೆ. ಎಲ್ಲ ಮನೆಯವರೂ ನೆಲದ ಮೇಲೆ ಅಂಚಿನವರೆಗೆ ನೀರು ತುಂಬಿದ ಬಟ್ಟಲು ಇಡಲಿ. ದಿನಾ ಅಲುಗುವ ನೆಲ ಆ ಮೂರು ದಿನ ಅಲುಗದಿದ್ದರೆ ಅಲುಗಿಸುತ್ತಿರುವುದು ಕೋರೆ. ಆಗ ನನ್ನ ವರದಿಯನ್ನು ನಾನೇ ತಿದ್ದಿ ಬರೆದು ಸಭೆಯಲ್ಲಿ ಓದುತ್ತೇನೆ. ಕೋರೆ ಮುಚ್ಚಿದ್ದಾಗಲೂ ನೆಲ ನಡುಗಿದರೆ ಅದು ಭೂಮಿಯೇ. ಆಗ ನೀನು ಒಪ್ಪಬೇಕು, ಮನೆಗಳನ್ನು ಖಾಲಿ ಮಾಡಿಸಬೇಕು. ನಡುಗುವ ನೆಲದ ಮೇಲೆ ಹಠಕ್ಕೆ ಕೂತರೆ ಜನ ಸಾಯುತ್ತಾರೆ.

ಧಣಿಗೂ ಹೇಳಿದ್ದೇನೆ. ಇದು ಕದ್ದು ಮಾಡುವ ಕೆಲಸವಲ್ಲ. ಅವರು ಚಹಾ ತರಿಸಿ, ಕೆಡ್ಡಸದ ಪರೀಕ್ಷೆ ಎಂದರೆ ಜನ ನಂಬುತ್ತಾರಾ ಎಂದು ಕೇಳಿದರು. ಬೇರೆ ಯಾವುದನ್ನು ನಂಬದಿದ್ದರೂ ಅದನ್ನು ನಂಬುತ್ತಾರೆ ಎಂದೆ. ಒಳ್ಳೆಯದಾಯಿತು, ಮಾಡುವ ಎಂದರು.

ನೀನೂ ಒಪ್ಪಿದರೆ ಒಂದು ಸಾಲು ಬರೆ.

ಹಳೆಯ ಸಹಿಯವನೇ,
ಭವಿತ್


ಪಾದೆಗುರಿ
ಜನವರಿ 27, 2025

ಭವಿತ್,

ಒಪ್ಪಿದೆ. ಊರೂ ಒಪ್ಪಿದೆ.

ವಿಸ್ಮಿತಾ


ಪಾದೆಗುರಿ
ಫೆಬ್ರವರಿ 14, 2025

ಭವಿತ್,

ನೀನು ಗೆದ್ದೆ. ಹುಕ್ರಪ್ಪಣ್ಣ ಸತ್ತರು.

ಮೊದಲ ದಿನ ಬಟ್ಟಲಿನ ನೀರು ಕದಲಲಿಲ್ಲ. ಎರಡನೆಯ ದಿನ, ನಡು ಕೆಡ್ಡಸಕ್ಕೂ ಇಲ್ಲ. ಮನೆ ಮನೆಗೆ ಹೋಗಿ ನೋಡಿ ಬಂದೆ, ನಾಳೆ ನಿನಗೆ ಏನು ಬರೆಯಬೇಕೆಂದು ತಲೆಯಲ್ಲೇ ಬರೆದುಕೊಂಡೆ. ಮೂರನೆಯ ದಿನ ಬೆಳಿಗ್ಗೆ ಹೆಂಗಸರೆಲ್ಲ ಭೂಮಿಗೆ ಎಣ್ಣೆ, ಅರಸಿನ, ಸೀಗೆ ಕೊಡಲು ಅಂಗಳಕ್ಕೆ ಇಳಿದಿದ್ದರು. ದಮಯಂತಿಯಕ್ಕ ತುಳಸಿಕಟ್ಟೆಯ ಪಕ್ಕ ಕೂತು ನೆಲಕ್ಕೆ ಎಣ್ಣೆ ಬಿಡುತ್ತಿದ್ದರು. ಆಗ ನೆಲ ಒದೆಯಿತು. ಒಳಗಿನಿಂದ ಗುಡುಗಿದ ಹಾಗೆ ಸದ್ದು. ಹುಕ್ರಪ್ಪಣ್ಣ ಒಳಗೆ ಗೋಡೆಗೆ ಒರಗಿ ಚಹಾ ಕುಡಿಯುತ್ತಿದ್ದರು. ಮೊದಲೇ ಬಿರಿದಿದ್ದ ಮಣ್ಣಿನ ಗೋಡೆ ಇಡಿಯಾಗಿ ಅವರ ಮೇಲೆ ಮಲಗಿತು. ನಾವು ಕೈಯಲ್ಲೇ ತೋಡಿದೆವು. ಕೆಡ್ಡಸಕ್ಕೆ ಹಾರೆ ಮುಟ್ಟಬಾರದೆಂದು ಮೊದಲಿಗೆ ಯಾರೂ ಹಾರೆ ತರಲಿಲ್ಲ, ಭವಿತ್. ಆಮೇಲೆ ನಾನೇ ತಂದೆ. ಅಷ್ಟರಲ್ಲಿ ತಡವಾಗಿತ್ತು. ಬಾಯಿಯ ತುಂಬ ಮಣ್ಣಿತ್ತು. ದಮಯಂತಿಯಕ್ಕ ಅದನ್ನು ಬೆರಳಿನಿಂದ ತೆಗೆದರು.

ಧಣಿ ಬಂದಿದ್ದ. ಚಪ್ಪಲಿ ಕಳಚಿ ಹೊರಗಿಟ್ಟು, ಬರಿಗಾಲಲ್ಲಿ ಹೆಣದ ಬಳಿ ನಿಂತು ಕೈ ಮುಗಿದ. ಕೋರೆಯನ್ನು ದುಃಖಕ್ಕಾಗಿ ಇನ್ನೂ ಕೆಲವು ದಿನ ಮುಚ್ಚುತ್ತೇನೆ ಎಂದ. ಭೂಮಿತಾಯಿಗೆ ನಮ್ಮ ಮೇಲೆ ಸಿಟ್ಟು ಬಂದಿದೆ, ಇಲ್ಲಿ ಇರಬಾರದು ಎಂದ. ಕೆಡ್ಡಸಕ್ಕೆ ಕೋರೆಯವರು ಮದ್ದಿಡುವುದಿಲ್ಲ. ಅದು ನನಗೂ ಗೊತ್ತು, ಕರಪತ್ರ ಓದದ ನನ್ನ ಅಮ್ಮನಿಗೂ ಗೊತ್ತು.

ದಮಯಂತಿಯಕ್ಕ ನನ್ನ ಹತ್ತಿರ ಒಂದೇ ಮಾತು ಹೇಳಿದರು: “ನಾನು ಎಣ್ಣೆ ಕೊಡ್ತಾ ಇದ್ದೆ ಮಗಾ. ಕೈಯಲ್ಲಿ ಎಣ್ಣೆ ಇರುವಾಗಲೇ ತಕ್ಕೊಂಡು ಹೋದಳು.”

ಮನೆ ಖಾಲಿ ಮಾಡುವ ಮಾತು ಶುರುವಾಗಿದೆ. ನಾನು ಅಡ್ಡ ಬರುವುದಿಲ್ಲ.

ಸೋತ,
ವಿಸ್ಮಿತಾ


ಮೂಡುಬಿದಿರೆ
ಫೆಬ್ರವರಿ 19, 2025

ವಿಸ್ಮಿತಾ,

ನಿನ್ನ ಕಾಗದ ಓದಿ ಎರಡು ದಿನವಾಯಿತು. ಒಂದು ವಿಷಯ ತಲೆಯಿಂದ ಹೋಗುತ್ತಿಲ್ಲ.

ಕೆಡ್ಡಸಕ್ಕೆ ನಾನು ಮೂಡುಬಿದಿರೆಯ ಮನೆಯಲ್ಲಿದ್ದೆ. ಮೂರನೆಯ ದಿನ ಬೆಳಿಗ್ಗೆ ಅಮ್ಮ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಹುರುಳಿ ಹುರಿಯುತ್ತಿದ್ದರು. ಅವರಿಗೆ ಏನೂ ಗೊತ್ತಾಗಲಿಲ್ಲ. ನನಗೂ ಇಲ್ಲ. ನರಿಕೊಂಬಿನ ಗೆಳೆಯನಿಗೆ, ಮೆಲ್ಕಾರಿನ ರೂಮಿನ ಕೆಳಗಿನ ಹೋಟೆಲಿನವರಿಗೆ ಕೇಳಿದೆ. ಯಾರಿಗೂ ಇಲ್ಲ. ಸಣ್ಣ ಕಂಪನ ಒಂದು ಊರಿನಲ್ಲೇ ಮುಗಿಯುವುದುಂಟು. ಗೋಡೆ ಮಲಗಿಸುವ ಕಂಪನ ಹಾಗೆ ಮುಗಿಯುವುದಿಲ್ಲ. ಆದರೆ ಅದು ಬಿರಿದ ಗೋಡೆ, ಸಣ್ಣದಕ್ಕೂ ಬೀಳುತ್ತದೆ. ಆದ್ದರಿಂದ ನನಗೆ ನಿನ್ನ ಕಾಲು ಬೇಕು, ನಿನ್ನ ಕಿವಿ ಬೇಕು.

ಭೂಮಿಯೊಳಗೆ ಬಂಡೆ ಸೀಳಿದಾಗ ಎರಡು ಬಗೆಯ ಅಲೆ ಹೊರಡುತ್ತವೆ. ವೇಗದ್ದು ತಳ್ಳುತ್ತದೆ. ಹಿಂದಿನಿಂದ ಬರುವುದು ಅಡ್ಡಡ್ಡ ಅಲುಗಿಸುತ್ತದೆ. ಮನೆ ಬೀಳಿಸುವುದು ಹೆಚ್ಚಾಗಿ ಅದೇ. ಆ ಅಡ್ಡ ಅಲೆ ದ್ರವದಲ್ಲಿ ಹಾಯಲಾರದು. ಭೂಮಿಯ ತಿರುಳಿನ ಹೊರಭಾಗ ಕರಗಿದ ಲೋಹ ಎಂದು ಯಾರೂ ಇಳಿದು ನೋಡಿ ಬಂದದ್ದಲ್ಲ, ಅಡ್ಡ ಅಲೆ ಅಲ್ಲಿಗೆ ಹೋಗಿ ಸಾಯುವುದರಿಂದ ಗೊತ್ತಾದದ್ದು. ಅಷ್ಟು ಆಳವನ್ನು ಅಲೆಗಳೇ ಹೇಳುತ್ತವೆ. ಪಾದೆಗುರಿಯ ಗುಡ್ಡದ ಸಂಗತಿಯನ್ನು ಹೇಳಲಾರವೇ?

ಮದ್ದಾದರೆ ಎಲ್ಲ ಕಡೆಗೂ ಹೊರಕ್ಕೆ ತಳ್ಳುತ್ತದೆ, ಅಡ್ಡ ಅಲುಗಾಟ ಕಡಿಮೆ. ಹತ್ತಿರದಲ್ಲಿದ್ದರೆ ನೆಲದ ಏಟಿನ ಬೆನ್ನಿಗೇ ಗಾಳಿಯ ಏಟು ಬರುತ್ತದೆ. ನೆನಪು ಮಾಡಿ ಬರೆ. ನೆಲ ಒದೆಯಿತು ಎಂದಿದ್ದೀ. ಒದ್ದು ಬಿಟ್ಟಿತೋ, ಆಮೇಲೆ ತೂಗಿತೋ? ಸದ್ದು ಮೊದಲೋ ಆಮೇಲೋ? ಯಾರ ಮಾತನ್ನೂ ಕೇಳಬೇಡ, ನಿನ್ನದನ್ನೇ ಬರೆ.

ಉತ್ತರಕ್ಕೆ ಹೆದರುತ್ತ ಕಾಯುವ,
ಭವಿತ್


ಪಾದೆಗುರಿ
ಫೆಬ್ರವರಿ 27, 2025

ಭವಿತ್,

ಒದ್ದು ಬಿಟ್ಟಿತು. ತೂಗಲಿಲ್ಲ. ಒಂದೇ ಒದೆ, ಕೋರೆಯ ಕಡೆಯಿಂದ. ಅದರ ಹಿಂದೆ ಸದ್ದು, ಮೂಟೆ ಹೊದಿಸಿದ ಹಾಗೆ ದಪ್ಪಗೆ. ಆಮೇಲೆ ಕಿಟಕಿಯ ಗಾಜು ಅದುರಿತು, ನನ್ನ ಎದೆಗೆ ಯಾರೋ ಅಂಗೈಯಲ್ಲಿ ತಳ್ಳಿದ ಹಾಗಾಯಿತು. ದಮಯಂತಿಯಕ್ಕನನ್ನು ಬೇರೆಯಾಗಿ ಕೇಳಿದೆ. ಎಣ್ಣೆಯ ಬಟ್ಟಲು ಒಂದು ಸಲ ಹಾರಿತು, ಅಷ್ಟೇ ಎಂದರು. ಹೇಳುತ್ತ ಹೇಳುತ್ತ ಅವರ ಮುಖ ಬದಲಾಯಿತು. ಹತ್ತು ವರ್ಷದಿಂದ ದಿನಾ ತಿಂದ ಒದೆ ಅದು. ನಮ್ಮ ಮೈಗೆ ಅದರ ಗುರುತು ಸಿಕ್ಕಿತ್ತು. ಕೆಡ್ಡಸ ಎಂಬ ಒಂದು ಶಬ್ದ ನಮ್ಮ ಮೈಯನ್ನೇ ಸುಳ್ಳು ಮಾಡಿತು.

ಅವರು ಮದ್ದಿಟ್ಟಿದ್ದಾರೆ, ಭವಿತ್. ಭೂಮಿ ಮುಟ್ಟಾದ ದಿನ ಅವಳ ಹೊಟ್ಟೆಗೆ ಮದ್ದಿಟ್ಟಿದ್ದಾರೆ. ನಾವು ನಂಬುತ್ತೇವೆಂದೇ ಇಟ್ಟಿದ್ದಾರೆ. ನಾನು ದೇವರನ್ನು ನಂಬುವವಳಲ್ಲ. ಆದರೂ ಆ ದಿನ ಅಂಗಳಕ್ಕಿಳಿದು ನೆಲ ಮುಟ್ಟಿ ನಮಸ್ಕರಿಸಿದೆ.

ಆಮೇಲೆ ನಾನು ಮಾಡಿದ್ದನ್ನು ಕೇಳು. ಅಂಗಡಿಯಲ್ಲೇ ಒಂದು ಕರಪತ್ರ ಅಚ್ಚು ಮಾಡಿದೆ: ‘ಕೆಡ್ಡಸದಂದು ಕೋರೆಯ ಮದ್ದಿಗೆ ಬೆಂಕಿ ಕೊಟ್ಟವರು ಯಾರು?’ ಧಣಿಯ ಹೆಸರು ಹಾಕಿದರೆ ಕೇಸು ಹಾಕುತ್ತಾನೆಂದು ಉತ್ತರದ ಜಾಗವನ್ನು ಖಾಲಿ ಬಿಟ್ಟೆ. ಹುಡುಗರು ಅದನ್ನು ತುಂಬಿಕೊಂಡರು. ಕೆಡ್ಡಸ ಇಲ್ಲದವನು ಯಾರು, ಬ್ಯಾರಿ ಅಲ್ಲವಾ, ಮುಸಲ್ಮಾನ ಅಲ್ಲವಾ ಎಂದರು. ಮೊನ್ನೆ ಸಂಜೆ ತಿರುವಿನಲ್ಲಿ, ಕೋರೆಯ ಜಲ್ಲಿ ಸಾಗಿಸುವ ಡ್ರೈವರ್ ಹನೀಫಾಕನ ಲಾರಿ ನಿಲ್ಲಿಸಿದರು. ಕಲ್ಲು ಪುಡಿ ಮಾಡುವ ಕ್ರಷರಿನಲ್ಲಿ ಮೊದಲೇ ರಾಶಿ ಹಾಕಿದ್ದ ಜಲ್ಲಿಯನ್ನು ಬಂಟ್ವಾಳಕ್ಕೆ ಸಾಗಿಸುತ್ತಿದ್ದ, ಅಷ್ಟೇ. ಕೆಳಗೆ ಎಳೆದು, ಜಾಕಿಯ ರಾಡಿನಲ್ಲಿ ಹೊಡೆದರು. ನಾನು ಓಡಿ ಬರುವಾಗ ಅವನ ಬಲಗೈ ಮೊಣಕೈಯ ಕೆಳಗೆ ಬೇರೆ ದಿಕ್ಕಿಗೆ ತಿರುಗಿತ್ತು. ನಡುವೆ ನುಗ್ಗಿದೆ. ಒಂದು ಏಟು ನನ್ನ ಭುಜಕ್ಕೂ ಬಿತ್ತು. ಹೊಡೆದವನು ನಮ್ಮ ಮನೆಯ ಮದುವೆಯಲ್ಲಿ ಬಡಿಸಿದ ಹುಡುಗ.

ಹನೀಫಾಕ ನೆಲದಲ್ಲಿ ಕೂತು ಹೇಳಿದ: “ಕೆಡ್ಡಸಕ್ಕೆ ನಾನು ಹಿತ್ತಲಿನಿಂದ ಒಂದು ಗೆಣಸು ಸಹ ಕೀಳುವುದಿಲ್ಲ ಮಾರಾಯ್ರೆ. ನನ್ನ ಹೆತ್ತ ಉಮ್ಮನೇ ಕೈ ಕಡಿದಾರು. ಈಗ ನೀವು ಕಡಿದ್ರಿ.”

ಅವನ ಅಂಗಿಯ ಜೇಬಿನಲ್ಲಿ ನನ್ನ ಕರಪತ್ರ ಮಡಚಿ ಇತ್ತು. ಬಂಟ್ವಾಳದಲ್ಲಿ ಹಂಚುತ್ತೇನೆ ಎಂದು ಬೆಳಿಗ್ಗೆ ನನ್ನಿಂದಲೇ ತಕ್ಕೊಂಡಿದ್ದ.

ಆಸ್ಪತ್ರೆಗೆ ಜೊತೆಗೆ ಹೋದೆ. ಕೇಸು ಕೊಡು ಎಂದೆ, ಹೊಡೆದವರ ಹೆಸರನ್ನು ನಾನೇ ಹೇಳುತ್ತೇನೆ ಎಂದೆ. ಮೊದಲು ಸಭೆ ಮುಗಿಯಲಿ ಎಂದ.

ನೀನು ಕೋರೆಗೆ ಹೋಗು. ನಮ್ಮನ್ನು ಗೇಟಿನ ಒಳಗೆ ಬಿಡುವುದಿಲ್ಲ. ನಿನ್ನನ್ನು ಬಿಡುತ್ತಾರೆ. ಹೋಗಿ ನೋಡು.

ವಿಸ್ಮಿತಾ


ಮೂಡುಬಿದಿರೆ
ಮಾರ್ಚ್ 9, 2025

ವಿಸ್ಮಿತಾ,

ಹೋಗಿ ನೋಡಿದೆ. ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟದಾಗಿದೆ.

ಕೋರೆಯ ಪೂರ್ವದ ಗೋಡೆ ನಿಮ್ಮ ಮನೆಗಳ ಕಡೆಯದು. ಮನೆಗಳಿಗೆ ಹತ್ತಿರ ಎಂದು ಅಲ್ಲಿ ಕಲ್ಲು ಒಡೆಯಲು ಯಾವತ್ತೂ ಅನುಮತಿ ಇರಲಿಲ್ಲ. ಮಳೆಗೆ ಪಾಚಿ ಕಟ್ಟಿ ಕಟ್ಟಿ ಕಪ್ಪಾಗಿದ್ದ ಗೋಡೆ. ಕೆಡ್ಡಸದ ಹಿಂದಿನ ದಿನ ಸಂಜೆ ಕೆಲಸ ಬಿಟ್ಟ ಎಲ್ಲರೂ ಅದನ್ನು ಕಪ್ಪಾಗಿಯೇ ಕಂಡಿದ್ದಾರೆ. ಈಗ ಅದರ ನಡುವೆ ಆನೆ ನಿಲ್ಲುವಷ್ಟು ಜಾಗ ಹೊಸ ಕಲ್ಲು, ನೀಲಿ ಬಿಳುಪು, ಹಸಿ ಗಾಯದ ಹಾಗೆ. ಅದರಲ್ಲಿ ಮೇಲಿನಿಂದ ಕೆಳಕ್ಕೆ ಅರ್ಧ ಕೊಳವೆಯಂಥ ಗೀರುಗಳು, ಸಮ ಅಂತರದಲ್ಲಿ, ಸಾಲಾಗಿ. ಮದ್ದು ತುಂಬಲು ಕೊರೆದ ಕುಳಿ ಸಿಡಿದಾಗ ಅರ್ಧ ಭಾಗ ಬಂಡೆಯಲ್ಲಿ ಉಳಿಯುತ್ತದೆ, ಅದು. ಕೆಳಗೆ ಹರಿದ ಮರಳು ಮೂಟೆಗಳು ಬಿದ್ದಿದ್ದವು. ಸದ್ದು ಅಡಗಿಸಲು ಹೊದಿಸಿದವು. ಭೂಮಿ ತನ್ನನ್ನು ಸೀಳಿಕೊಳ್ಳುವ ಮೊದಲು ಡ್ರಿಲ್ ಹಿಡಿದು ಕುಳಿ ಕೊರೆಯುವುದಿಲ್ಲ.

ಫೋಟೋ ತೆಗೆಯುವಾಗ ಧಣಿ ಬಂದ. ಜೊತೆಗೆ ಇಬ್ಬರು. ಫೋನು ಕಿತ್ತುಕೊಂಡು ಕಲ್ಲಿನ ಮೇಲಿಟ್ಟು ಸುತ್ತಿಗೆಯಲ್ಲಿ ಜಜ್ಜಿದರು. ಹುಕ್ರಪ್ಪಣ್ಣ ಸತ್ತದ್ದು ನಿಮ್ಮಿಂದ ಎಂದೆ. ಅವನಿಗೆ ಸಿಟ್ಟೂ ಬರಲಿಲ್ಲ.

“ನೀನೇ ಹೇಳಿದ್ದಲ್ವನಾ, ಕೆಡ್ಡಸಕ್ಕೆ ನಡುಗಿದ್ರೆ ಅದು ಭೂಮಿಯೇ ಅಂತ? ಜನ ನಂಬ್ತಾರೆ ಅಂತ? ನಿನ್ನ ಪರೀಕ್ಷೆ ಪಾಸು ಮಾಡಿ ಕೊಟ್ಟೆ. ಮುದುಕ ಆ ಗೋಡೆಗೇ ಒರಗ್ಬೇಕಂತ ನಾನು ಹೇಳಿದ್ನಾ?”

ಕಾಲರು ಹಿಡಿದೆ. ಅಷ್ಟೇ ನನಗೆ ನೆನಪಿರುವುದು. ಆಮೇಲೆ ಬಲಗೈಯ ಬೆರಳುಗಳನ್ನು ಅದೇ ಸುತ್ತಿಗೆಯ ಕೆಳಗೆ ಇಟ್ಟರು. ಸಹಿ ಹಾಕಿದ ಕೈ. ಒಂದು ಬದಿಯ ಹಲ್ಲೂ ಹೋಯಿತು. ಬಿದ್ದಿದ್ದಾಗ ಧಣಿ ತನ್ನವರಿಗೆ ಹೇಳುತ್ತಿದ್ದದ್ದು ಕೇಳಿಸಿತು: ಹದಿನೇಳಕ್ಕೆ ಊರೆಲ್ಲ ತಾಲೂಕು ಕಚೇರಿಯ ಸಭೆಯಲ್ಲಿರುತ್ತದೆ, ಹತ್ತು ಗಂಟೆಗೆ ಸಭೆ ಶುರು, ಹತ್ತು ಗಂಟೆಗೇ ಈ ಗೋಡೆ ಹೋಗಬೇಕು. ಹೊಸ ಕುಳಿ ಕೊರೆದಾಗಿದೆ. ನಾನೇ ನೋಡಿದೆ.

ಗೋಡೆ ಹೋದರೆ ನನ್ನ ಮಾತು ಒಂದೇ ಉಳಿಯುತ್ತದೆ. ಕೆಲಸದಿಂದ ತೆಗೆದವನ ಮಾತು. ಅದರ ಕೆಳಗೆ ಜನ ನಿಂತರೆ ಸಿಡಿಸಲಾಗುವುದಿಲ್ಲ. ನಾನೂ ನಿಲ್ಲುತ್ತೇನೆ ಎಂದು ಬರೆಯಲು ಹೋದೆ, ಪೆನ್ನು ನಿಂತಿತು. ಸುಳ್ಳು ಹೇಳುವುದಿಲ್ಲ. ಗಲ್ಫಿನ ದಮ್ಮಾಮಿನಲ್ಲಿರುವ ಮಾವ ಹದಿನಾರಕ್ಕೆ ಟಿಕೆಟು ಕಳಿಸಿದ್ದಾರೆ. ಅಮ್ಮ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ ಕೂತಿದ್ದಾರೆ.

ಭವಿತ್


ಪಾದೆಗುರಿ
ಮಾರ್ಚ್ 13, 2025

ಭವಿತ್,

ಈ ಕಾಗದವನ್ನು ಅಂಚೆಗೆ ಹಾಕಲು ಸಮಯವಿಲ್ಲ. ಹನೀಫಾಕ ಬಸ್ಸಿನಲ್ಲಿ ಬಂದು ನಿನ್ನ ಕೈಗೇ ಕೊಡುತ್ತಾನೆ. ಅವನದು ಬಲಗೈಗೆ ಪಟ್ಟಿ, ನಿನ್ನದೂ ಬಲಗೈಗೆ. ಒಬ್ಬರಿಗೊಬ್ಬರು ಚಹಾದ ಲೋಟ ಹಿಡಿದುಕೊಳ್ಳಿ.

ತಹಶೀಲ್ದಾರರನ್ನು ನಿನ್ನೆ ಕಂಡೆವು, ನಾನು ಮತ್ತು ದಮಯಂತಿಯಕ್ಕ. ಸಭೆಗೆ ಮೊದಲು ಕೋರೆಗೆ ಬನ್ನಿ, ಗೋಡೆ ನೋಡಿ ಎಂದೆವು. ಸಾವು ಆಗಿರುವುದರಿಂದ ಬರುತ್ತೇನೆ ಎಂದರು. ಆದರೆ ವರದಿ ಬರೆದವನೇ ಗೋಡೆಯ ಎದುರು ನಿಂತು ತನ್ನ ವರದಿ ತಪ್ಪು ಎಂದು ಹೇಳಬೇಕು, ಬಿ.ಕಾಂ. ಹುಡುಗಿಯ ಮಾತಿನ ಮೇಲೆ ಕೋರೆ ಮುಚ್ಚಿಸಲು ಬರುವುದಿಲ್ಲ ಎಂದರು. ಅವರು ಹೇಳಿದ್ದು ಸರಿಯೇ.

ಹುಡುಗರು ಹದಿನೇಳಕ್ಕೆ ಪೆಟ್ರೋಲು ತರುತ್ತೇವೆ ಎಂದಿದ್ದರು. ಹನೀಫಾಕನ ಕೈಯನ್ನು ಅವರಿಗೆ ತೋರಿಸಿದೆ. ಧೈರ್ಯ ತೋರಿಸಲೇಬೇಕಾದರೆ ಬಂಡೆಯ ಕೆಳಗೆ ಬಂದು ನಿಲ್ಲಿ, ಅಲ್ಲಿ ನಿಲ್ಲಲು ಹೊಡೆಯುವುದಕ್ಕಿಂತ ಹೆಚ್ಚು ಧೈರ್ಯ ಬೇಕು ಎಂದೆ. ಕೆಲವರು ಬರುತ್ತಾರೆ. ದಮಯಂತಿಯಕ್ಕ ಬರುತ್ತಾರೆ. ಭೂಮಿ ತನ್ನ ಗಂಡನನ್ನು ಕೊಂಡು ಹೋಗಲಿಲ್ಲ ಎಂದು ಅವರಿಗೆ ಎಲ್ಲರ ಎದುರು ಕೇಳಬೇಕಂತೆ, ಬೇರೇನೂ ಬೇಡವಂತೆ. ಅದನ್ನು ಹೇಳಬಲ್ಲವನು ನೀನೊಬ್ಬನೇ.

ನನಗೂ ಹೆದರಿಕೆ ಉಂಟು. ಕುಳಿ ಕೊರೆದ ಗೋಡೆ. ಮದ್ದು ತುಂಬಿದ್ದರೆ ಒಂದು ಬೆರಳು ಸಾಕು. ಹುಕ್ರಪ್ಪಣ್ಣನನ್ನು ಕೊಂದವನಿಗೆ ನಮ್ಮನ್ನು ಕೊಲ್ಲಲು ಕೈ ನಡುಗುತ್ತದೆಯೇ, ಗೊತ್ತಿಲ್ಲ. ನಿನ್ನನ್ನು ಬಾ ಎಂದು ಬೇಡುವುದಿಲ್ಲ. ನೀನು ವಿಮಾನ ಹತ್ತಿದರೂ ನಾವು ಅಲ್ಲಿರುತ್ತೇವೆ.

ನಾವು ಗೇಟು ದಾಟುವುದು ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ.

ವಿಸ್ಮಿತಾ


ಮೂಡುಬಿದಿರೆ
ಮಾರ್ಚ್ 14, 2025

ವಿಸ್ಮಿತಾ,

ಹನೀಫಾಕ ಜಗಲಿಯಲ್ಲಿ ಕೂತಿದ್ದಾನೆ, ಅಮ್ಮ ಅವನಿಗೆ ದೋಸೆ ಬಡಿಸುತ್ತಿದ್ದಾರೆ. ಚಿಲಕ ತೆಗೆದದ್ದು ಅವರೇ.

ಎಂಟಕ್ಕೆ ಬೇಡ. ಮದ್ದು ತುಂಬುವವರು ಏಳಕ್ಕೆ ಬರುತ್ತಾರೆ. ತುಂಬಿದ ಮೇಲೆ ನಿಲ್ಲುವುದು ಸಾಯಲಿಕ್ಕೆ, ತುಂಬುವ ಮೊದಲು ನಿಂತರೆ ತುಂಬಲಾಗುವುದಿಲ್ಲ. ಗೇಟಿನಿಂದ ಬರಬೇಡಿ. ಕ್ರಷರಿನ ಹಿಂದೆ ಬೇಲಿ ಇಲ್ಲದ ಕಡೆ ಒಂದು ಇಳಿಜಾರು ಉಂಟು, ದಮಯಂತಿಯಕ್ಕನ ಕೈ ಹಿಡಿದುಕೊಂಡು ಇಳಿಸು. ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ, ಹೊಸ ಕಲ್ಲಿನ ಜಾಗದಲ್ಲಿ. ನನ್ನ ವರದಿ ತಪ್ಪು ಎಂದು ಗೋಡೆಯ ಎದುರು ನಾನೇ ಹೇಳುತ್ತೇನೆಂದು ತಹಶೀಲ್ದಾರರಿಗೆ ಫೋನು ಮಾಡಿದ್ದೇನೆ, ಅಮ್ಮನ ಫೋನಿನಿಂದ.

ಸೋಮವಾರ, ಮಾರ್ಚ್ 17, ಬೆಳಿಗ್ಗೆ ಆರು ಗಂಟೆ. ಪೂರ್ವದ ಗೋಡೆಯ ಬುಡದಲ್ಲಿ ನಾನು ನಿಂತಿರುತ್ತೇನೆ.

ಭವಿತ್